ಗ್ರೀಕ್–ಪರ್ಷಿಯನ್ ಯುದ್ಧದ ಚಿತ್ರದಲ್ಲಿ ಎರಡೂ ಪಕ್ಷಗಳಿಗೆ ಸಮಪಾಲು ಕೊಡುವುದು ಹೇಗೆ?

ನಾನು ಸಮಪಾಲನ್ನೇ ಕೊಟ್ಟು ಕೆಟ್ಟವನು. ಪುಣೆಯಲ್ಲಿ ಓದುತ್ತಿದ್ದಾಗ ಗ್ರೀಕರು ಪರ್ಷಿಯನ್ ಸೇನೆಯನ್ನು ತಡೆಯಲು ನಿಂತ ಥರ್ಮೋಪಿಲೆ ಕಣಿವೆಯ ಕದನವನ್ನು ಕುರಿತು ಚಿತ್ರಕಥೆಯೊಂದನ್ನು ಬರೆದೆ. ಗ್ರೀಕರಿಗೆ ಹನ್ನೆರಡು ದೃಶ್ಯ, ಪರ್ಷಿಯನ್ನರಿಗೆ ಹನ್ನೆರಡು. ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ನಿಮಿಷಗಳ ಲೆಕ್ಕವನ್ನೂ ಬರೆದಿಟ್ಟಿದ್ದೆ. ನನ್ನೊಂದಿಗೆ ಸೇರಿ ಬರೆಯಲು ಒಪ್ಪಿದ್ದ ಇರಾನಿನ ಸಹಪಾಠಿ ಕೊನೆಯ ಹಾಳೆಯನ್ನು ಮಗುಚಿ, "ನಿಮ್ಮ ಕಥೆಯಲ್ಲಿ ನಮ್ಮವರು ಊಟವನ್ನೇ ಮಾಡುವುದಿಲ್ಲವೇ?" ಎಂದು ಕೇಳಿದರು.

ಮತ್ತೆ ತಿರುವಿ ನೋಡಿದೆ. ನನ್ನ ಗ್ರೀಕರು ಬಾರ್ಲಿ ರೊಟ್ಟಿ ಸುಡುತ್ತಿದ್ದರು, ಕದನಕ್ಕೆ ಮುನ್ನ ಕೂದಲು ಬಾಚಿಕೊಳ್ಳುತ್ತಿದ್ದರು (ಇದು ಗ್ರೀಕ್ ಇತಿಹಾಸಕಾರ ಹೆರೊಡೊಟಸನೇ ಹೇಳುವ ಸಂಗತಿ), ಒಬ್ಬರನ್ನೊಬ್ಬರು ಗೇಲಿ ಮಾಡುತ್ತಿದ್ದರು. ಪರ್ಷಿಯನ್ನರ ಹನ್ನೆರಡರಲ್ಲಿ ಹತ್ತು ದೃಶ್ಯಗಳು ಪರ್ಷಿಯಾದ ದೊರೆ ಕ್ಸರ್ಕ್ಸಿಸನ ಡೇರೆಯೊಳಗೇ ನಡೆಯುತ್ತಿದ್ದವು, ಅಲ್ಲಿ ಎಲ್ಲರೂ ನಿಂತುಕೊಂಡೇ ಪೌರಾಣಿಕ ನಾಟಕದ ಧಾಟಿಯಲ್ಲಿ ಮಾತನಾಡುತ್ತಿದ್ದರು. ಗ್ರೀಕರಿಗೆ ಮಾತ್ರ ಆಡುಮಾತನ್ನು ಕೊಟ್ಟಿದ್ದೆ. ನಿಮಿಷಗಳನ್ನು ಎಣಿಸಿದವನಿಗೆ ಇದೊಂದೂ ಕಂಡಿರಲಿಲ್ಲ. ಆ ಯುದ್ಧದ ಕಥೆಯನ್ನು ಪರ್ಷಿಯನ್ನರು ಹೇಳಿದ ರೂಪದಲ್ಲಿ ನಮಗೆ ಸಿಕ್ಕಿಲ್ಲವಾದ್ದರಿಂದ ಅವರ ದಿನನಿತ್ಯದ ಬದುಕೂ ಸಿಕ್ಕಿಲ್ಲವೆಂದು ನಾನು ಭಾವಿಸಿದ್ದೇ ತಪ್ಪಿನ ಮೂಲ. ಪರ್ಷಿಯನ್ನರ ರಾಜಧಾನಿ ಪರ್ಸೆಪೊಲಿಸ್‌ನಲ್ಲಿ ಸಿಕ್ಕಿರುವ, ಕ್ಸರ್ಕ್ಸಿಸನ ತಂದೆ ಡೇರಿಯಸನ ಕಾಲದ ಮಣ್ಣಿನ ಫಲಕಗಳಲ್ಲಿ ಆಳುಗಳಿಗೂ ಪ್ರಯಾಣಿಕರಿಗೂ ಅಳೆದು ಕೊಟ್ಟ ಧಾನ್ಯ ಮತ್ತು ದ್ರಾಕ್ಷಾರಸದ ಲೆಕ್ಕವಿದೆ. ಹೆತ್ತ ತಾಯಂದಿರಿಗೆ ಹೆಚ್ಚುವರಿ ಪಡಿ, ಅದರಲ್ಲೂ ಗಂಡು ಹೆತ್ತವಳಿಗೆ ಹೆಣ್ಣು ಹೆತ್ತವಳ ಎರಡರಷ್ಟು. ಗ್ರಂಥಾಲಯದಲ್ಲಿ ಒಂದು ವಾರ ಕುಳಿತಿದ್ದರೆ ಇದೆಲ್ಲ ನನಗೆ ಸಿಗುತ್ತಿತ್ತು. ಸಹಪಾಠಿ ಹಿಂದೆ ಸರಿದರು, ಚಿತ್ರವೂ ನಿಂತುಹೋಯಿತು.

ಇನ್ನು ನಿಮ್ಮ ಪ್ರಶ್ನೆಯಲ್ಲಿರುವ "ಎರಡು ಪಕ್ಷ" ಎಂಬ ಮಾತನ್ನೇ ನಾನು ಒಪ್ಪುವುದಿಲ್ಲ. ಕ್ರಿ.ಪೂ. 480ರಲ್ಲಿ ಕ್ಸರ್ಕ್ಸಿಸನ ಎಷ್ಟೋ ಹಡಗುಗಳಲ್ಲಿ ಹುಟ್ಟು ಹಾಕುತ್ತಿದ್ದವರು ಪರ್ಷಿಯಾದ ಆಳ್ವಿಕೆಯಲ್ಲಿದ್ದ ಅಯೋನಿಯಾದ (ಈಗಿನ ಟರ್ಕಿಯ ಪಶ್ಚಿಮ ಕರಾವಳಿಯ) ಗ್ರೀಕರು. ಹೆರೊಡೊಟಸನ ಹುಟ್ಟೂರಾದ ಹ್ಯಾಲಿಕಾರ್ನಾಸಸ್‌ನ ರಾಣಿ ಆರ್ಟೆಮೀಸಿಯಾ ಐದು ಹಡಗುಗಳೊಂದಿಗೆ ಅವನ ಪರವಾಗಿಯೇ ಬಂದಿದ್ದಳು. ನೌಕಾಕದನ ನಡೆದ ಆರ್ಟೆಮೀಸಿಯಂ ಎಂಬ ಜಾಗದಿಂದ ಹಿಮ್ಮೆಟ್ಟುವಾಗ ಅಥೆನ್ಸಿನ ಸೇನಾನಿ ಥೆಮಿಸ್ಟೊಕ್ಲಿಸ್, ಹಡಗಿನವರು ಕುಡಿಯುವ ನೀರಿಗೆಂದು ಇಳಿಯುವ ಜಾಗಗಳ ಬಂಡೆಗಳ ಮೇಲೆ ಆ ಅಯೋನಿಯನ್ನರಿಗೆಂದೇ ಒಕ್ಕಣೆ ಕೆತ್ತಿಸಿದನೆಂದು ಹೆರೊಡೊಟಸ್ ಹೇಳುತ್ತಾನೆ: ನಮ್ಮ ಕಡೆಗೆ ಬನ್ನಿ, ಆಗದಿದ್ದರೆ ದೂರ ನಿಲ್ಲಿ, ಅದೂ ಆಗದಿದ್ದರೆ ಕದನದಲ್ಲಿ ಬೇಕೆಂದೇ ಕೈ ಸಡಿಲ ಬಿಡಿ.

ದಯವಿಟ್ಟು ಥರ್ಮೋಪಿಲೆಯಲ್ಲಿ ಗ್ರೀಕರನ್ನು ಮುನ್ನಡೆಸಿದ ಸ್ಪಾರ್ಟಾದ ರಾಜ ಲಿಯೊನಿಡಾಸನನ್ನೂ ಕ್ಸರ್ಕ್ಸಿಸನನ್ನೂ ಪಕ್ಕಕ್ಕಿಡಿ. ಅಯೋನಿಯನ್ನರದೂ ಸೇರಿ ಕ್ಸರ್ಕ್ಸಿಸನ ಎಲ್ಲ ಹಡಗುಗಳ ಮೇಲೂ ಪರ್ಷಿಯನ್, ಮೀಡ್ ಅಥವಾ ಶಕ ಜನಾಂಗದ ಯೋಧರು ಇರುತ್ತಿದ್ದರು. ನಾನಾದರೆ ಬೆಳಗಿನ ಹೊತ್ತು ನೀರಿಗೆ ಇಳಿದು, ಬಂಡೆಯ ಮೇಲಿನ ಅಕ್ಷರಗಳನ್ನು ಕಂಡು ನಿಂತುಬಿಟ್ಟ ಅಯೋನಿಯದವನೊಬ್ಬನಿಂದ ಚಿತ್ರವನ್ನು ಆರಂಭಿಸುತ್ತೇನೆ. ಗ್ರೀಕ್ ಓದಲು ಬಾರದ ಪರ್ಷಿಯನ್ ಯೋಧನೊಬ್ಬ ಅವನ ಪಕ್ಕದಲ್ಲೇ ತೊಗಲಿನ ಚೀಲಕ್ಕೆ ನೀರು ತುಂಬಿಕೊಳ್ಳುತ್ತಾ, ಅಲ್ಲಿ ಏನು ಬರೆದಿದೆ ಎಂದು ಕೇಳಲಿ.