ಓದುಗರ ಪ್ರಶ್ನೆ: ಕಲ್ಲಿದ್ದಲ ನಾಡಿನಲ್ಲಿ ಕಾಲ್ನಡಿಗೆ

ಪ್ರಶ್ನೆ: ನಮ್ಮ ಮಗಳು ಜರ್ಮನಿಯ ಬೋಖುಮ್ ನಗರದಲ್ಲಿ ಓದುತ್ತಿದ್ದಾಳೆ. ಈ ಬೇಸಿಗೆಯಲ್ಲಿ ನಾನೂ ನಮ್ಮ ಯಜಮಾನರೂ ಕೆಲವು ವಾರ ಅವಳೊಂದಿಗೆ ಇರಲಿದ್ದೇವೆ. ಇಬ್ಬರಿಗೂ ನಡೆಯುವ ಹವ್ಯಾಸವಿದೆ. ಆದರೆ ಅದು ಗಣಿ, ಉಕ್ಕಿನ ಕಾರ್ಖಾನೆಗಳ ಸೀಮೆ, ಅಲ್ಲಿ ನಡೆದು ನೋಡುವಂಥದ್ದೇನೂ ಇಲ್ಲ ಎಂದು ಬಂಧುಗಳು ಹೇಳುತ್ತಾರೆ. ನಿಮ್ಮ ಸಲಹೆಯೇನು?
(ನಿವೃತ್ತ ಶಿಕ್ಷಕಿ, ಮೈಸೂರು)

ಉತ್ತರ: ಗಣಿ, ಉಕ್ಕಿನ ಸೀಮೆಯಾಗಿತ್ತು ಎಂಬ ಕಾರಣಕ್ಕೇ ಬೋಖುಮ್ ಸೇರಿರುವ ರೂರ್ ಪ್ರದೇಶವನ್ನು ನಡೆದು ನೋಡಬೇಕು. ಅಲ್ಲಿನ ಕೊನೆಯ ಕಲ್ಲಿದ್ದಲು ಗಣಿ ಮುಚ್ಚಿದ್ದು 2018ರ ಡಿಸೆಂಬರ್ 21ರಂದು. ಗಣಿಗಳಿಗೆ ಸೇರಿದ್ದ ಸರಕು ರೈಲುಹಾದಿಗಳು, ಬೇಡದ ಕಲ್ಲು ಸುರಿದ ದಿಬ್ಬಗಳು, ಉಕ್ಕಿನ ಅಂಗಳಗಳಲ್ಲಿ ಹಲವು ಇಂದು ಸಾರ್ವಜನಿಕರ ನಡಿಗೆಯ ದಾರಿಗಳಾಗಿವೆ.

ಎಲ್ಲಿಂದ ಆರಂಭಿಸಬೇಕು ಎಂಬ ವಿಷಯದಲ್ಲಿ ನನಗೆ ಖಚಿತವಾದ ಅಭಿಪ್ರಾಯವಿದೆ. ಇಲ್ಲಿನ ಕಲ್ಲಿದ್ದಲಿನ ಪದರಗಳು ದಕ್ಷಿಣದಲ್ಲಿ, ರೂರ್ ನದಿಯ ಆಸುಪಾಸಿನಲ್ಲಿ, ನೆಲದ ಮಟ್ಟದಲ್ಲೇ ಸಿಗುತ್ತವೆ. ಉತ್ತರಕ್ಕೆ ಹೋದಂತೆಲ್ಲ ಆಳಕ್ಕಿಳಿಯುತ್ತವೆ. ಆದ್ದರಿಂದ ಗಣಿಗಾರಿಕೆಯೂ ದಕ್ಷಿಣದ ಗುಡ್ಡಗಳ ಬದಿಯನ್ನು ಕೊರೆಯುವುದರಿಂದ ಆರಂಭವಾಗಿ, ನೀರೆತ್ತುವ ಉಗಿಯಂತ್ರಗಳು ಬಂದ ಮೇಲೆ ಆಳದ ಬಾವಿಗಳನ್ನು ತೋಡುತ್ತಾ ಉತ್ತರಕ್ಕೆ ಸರಿಯಿತು. ನಿಮ್ಮ ನಡಿಗೆಯೂ ದಕ್ಷಿಣದಿಂದ ಉತ್ತರಕ್ಕೆ ಸಾಗಿದರೆ ಆ ನಾಡು ಬೆಳೆದ ಬಗೆ ತಾನಾಗಿಯೇ ಅರ್ಥವಾಗುತ್ತದೆ.

ಹಾಗಾಗಿ ಮೊದಲು ಬೋಖುಮ್‌ನ ಪಕ್ಕದಲ್ಲೇ ಇರುವ ವಿಟ್ಟನ್‌ಗೆ ಹೋಗಿ. ಅಲ್ಲಿನ ಮುಟ್ಟನ್‌ಟಾಲ್ ಕಣಿವೆಯಲ್ಲಿ ಸುಮಾರು 9 ಕಿಲೋಮೀಟರಿನ ಗಣಿಹಾದಿ ಕಾಡಿನೊಳಗೆ ಸುತ್ತಿ ಬರುತ್ತದೆ. ದಾರಿಯುದ್ದಕ್ಕೂ ಹಳೆಯ ಸುರಂಗಗಳ ಕಲ್ಲಿನ ಬಾಯಿಗಳು ಕಾಣುತ್ತವೆ. ಪಾಳಿಗೆ ಇಳಿಯುವ ಮೊದಲು ಕಾರ್ಮಿಕರು ಸೇರುತ್ತಿದ್ದ ಪುಟ್ಟ ಪ್ರಾರ್ಥನಾ ಮನೆಯೊಂದು ಈಗಲೂ ಇದೆ. ಕಣಿವೆಯ ತುದಿಯಲ್ಲಿರುವ ನಾಖ್ಟಿಗಾಲ್ ಗಣಿ ಈಗ ವಸ್ತುಸಂಗ್ರಹಾಲಯ. ಅಲ್ಲಿ ಹೆಲ್ಮೆಟ್ ಕೊಟ್ಟು ಮಾರ್ಗದರ್ಶಕರೊಂದಿಗೆ ಸುರಂಗದೊಳಗೆ ಕರೆದೊಯ್ಯುತ್ತಾರೆ. ತಗ್ಗಿದ ಮಾಡಿನ ಕೆಳಗೆ ಬಾಗಿ ನಡೆಯುವಾಗ ಎರಡು ಬಂಡೆಗಳ ನಡುವೆ ಓರೆಯಾಗಿ ಕುಳಿತ ಕಪ್ಪು ಪದರ ಕೈಗೆಟಕುವಷ್ಟು ಹತ್ತಿರವಿರುತ್ತದೆ. ಇಷ್ಟೊಂದು ಪಟ್ಟಣಗಳನ್ನು ಹುಟ್ಟಿಸಿದ ವಸ್ತು ಎಷ್ಟು ತೆಳುವಾದ ಪಟ್ಟಿ ಎಂಬುದನ್ನು ಕಣ್ಣಾರೆ ಕಂಡವರಿಗೆ, ಮುಂದೆ ನೋಡುವುದೆಲ್ಲವೂ ಬೇರೆಯಾಗಿಯೇ ಕಾಣುತ್ತದೆ. ಸೋಮವಾರ ಮಾತ್ರ ಹೋಗಬೇಡಿ, ಅಂದು ವಸ್ತುಸಂಗ್ರಹಾಲಯಕ್ಕೆ ರಜೆ.

ಎರಡನೆಯ ನಡಿಗೆಗೆ ಎಸ್ಸೆನ್‌ನ ತ್ಸೊಲ್‌ಫರೈನ್ ಗಣಿ. ಎಸ್ಸೆನ್ ಮುಖ್ಯ ರೈಲುನಿಲ್ದಾಣದಿಂದ 107ನೇ ಟ್ರಾಮ್ ಅಲ್ಲಿಗೆ ಹೋಗುತ್ತದೆ. 1847ರಲ್ಲಿ ಆರಂಭವಾದ ಈ ಗಣಿಯ 12ನೇ ಬಾವಿಯ, 1932ರಲ್ಲಿ ಕೆಲಸ ಆರಂಭಿಸಿದ ಕಟ್ಟಡಗಳನ್ನು ರೂಪಿಸಿದವರು ವಾಸ್ತುಶಿಲ್ಪಿಗಳಾದ ಫ್ರಿಟ್ಸ್ ಶುಪ್ ಮತ್ತು ಮಾರ್ಟಿನ್ ಕ್ರೆಮರ್. 1986ರಲ್ಲಿ ಗಣಿ ನಿಂತಿತು, 1993ರಲ್ಲಿ ಕಲ್ಲಿದ್ದಲನ್ನು ಕೋಕ್ ಎಂಬ ಇಂಧನವಾಗಿಸುತ್ತಿದ್ದ ಪಕ್ಕದ ಘಟಕವೂ ನಿಂತಿತು, 2001ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಎಲ್ಲರೂ ಎತ್ತರದ ಕೆಂಪು ಗೋಪುರದ ಮುಂದೆ ಚಿತ್ರ ತೆಗೆಸಿಕೊಂಡು ಹಿಂತಿರುಗುತ್ತಾರೆ. ನೀವು ಹಿಂಭಾಗಕ್ಕೆ ಹೋಗಿ, ಹಳೆಯ ಹಳಿಗಳ ಗುಂಟ ನಡೆಯಿರಿ. ಯಾರೂ ನೆಡದೆ, ಗಾಳಿ ತಂದ ಬೀಜದಿಂದ ಜಲ್ಲಿಯಲ್ಲೇ ಮೊಳೆತ ಬರ್ಚ್ ಮರಗಳು ಅಲ್ಲಿ ಕಾಡಾಗಿ ಬೆಳೆದಿವೆ.

ಕೊನೆಗೆ ಉತ್ತರದ ಬೊಟ್ರೊಪ್. ಅಲ್ಲಿನ ಹಾನಿಯೆಲ್ ದಿಬ್ಬ ಈ ಭಾಗದ ದೊಡ್ಡ ಕೃತಕ ಬೆಟ್ಟಗಳಲ್ಲೊಂದು. ನಾನು ಹೇಳಿದ ಆ ಕೊನೆಯ ಗಣಿಯಿಂದ ಕಲ್ಲಿದ್ದಲಿನೊಂದಿಗೆ ಮೇಲೆ ಬಂದ ಕಲ್ಲಿನಿಂದಲೇ ಆಗಿರುವಂಥದ್ದು. ಏರುವ ದಾರಿಯಲ್ಲಿ ಯೇಸುವಿನ ಶಿಲುಬೆಯಾತ್ರೆಯ ನಿಲುಗಡೆಗಳಿದ್ದು, ಅವುಗಳ ಜೊತೆಗೆ ಗಣಿಯ ಸಲಕರಣೆಗಳನ್ನೂ ನಿಲ್ಲಿಸಲಾಗಿದೆ. ನೆತ್ತಿಯಲ್ಲಿ ಬಯಲು ರಂಗಮಂದಿರ, ಅದರಾಚೆ ಬಾಸ್ಕ್ ಕಲಾವಿದ ಅಗಸ್ಟಿನ್ ಇಬರೊಲಾ ಬಣ್ಣ ಬಳಿದು ಸಾಲಾಗಿ ನೆಟ್ಟ ರೈಲುಹಳಿಯ ಮರದ ದಿಮ್ಮಿಗಳು. ಕಾಲ ಕೆಳಗಿನ ಬೂದುಬಣ್ಣದ ಜೇಡಿಗಲ್ಲಿನ ಚಕ್ಕೆಗಳನ್ನೂ ಗಮನಿಸಿ. ಕಲ್ಲಿದ್ದಲಾಗಿ ಮಾರ್ಪಟ್ಟ ಕಾಲದ ಗಿಡಗಳ ಅಚ್ಚು ಅಂಥ ಚಕ್ಕೆಗಳಲ್ಲಿ ಕೆಲವೊಮ್ಮೆ ಸಿಗುತ್ತದೆ. ಚಕ್ಕೆಗಳು ಜಾರುತ್ತವೆ, ಹಿಡಿತವುಳ್ಳ ಬೂಟು ಬೇಕು. ಅದೇ ಊರಿನ ಇನ್ನೊಂದು ದಿಬ್ಬದ ಮೇಲೆ 1995ರಲ್ಲಿ ನಿಲ್ಲಿಸಿದ, ನಾಲ್ಕು ತ್ರಿಕೋನ ಮುಖಗಳ ಉಕ್ಕಿನ ಚತುರ್ಮುಖಿ ಇದೆ. ಅದರ ಮೆಟ್ಟಿಲುಗಳೂ ಅಟ್ಟಗಳೂ ಹಗ್ಗದಲ್ಲಿ ತೂಗುವುದರಿಂದ ಗಾಳಿಗೆ ಅಲುಗುತ್ತವೆ. ತಲೆ ಸುತ್ತುವವರು ಕೆಳಗಿನಿಂದ ನೋಡಿದರೆ ಸಾಕು.

ಭಾನುವಾರ ಅಂಗಡಿಗಳು ಬಹುತೇಕ ಮುಚ್ಚಿರುವುದರಿಂದ ಬುತ್ತಿ, ನೀರು ಜೊತೆಯಲ್ಲಿರಲಿ.

ಪ್ರಶ್ನೆ: ಕೆಳಗೆಲ್ಲ ಟೊಳ್ಳಾಗಿರುವ ಇಂಥ ನೆಲದ ಮೇಲೆ ನಡೆಯುವುದು ಅಪಾಯವಲ್ಲವೇ?
(ಓದುಗರೊಬ್ಬರು, ಹುಬ್ಬಳ್ಳಿ)

ಉತ್ತರ: ಗುರುತು ಹಾಕಿದ ದಾರಿಯಲ್ಲಿ ಭಯವಿಲ್ಲ, ಅದನ್ನು ಬಿಟ್ಟರೆ ಇದೆ. ಮೇಲ್ಮಟ್ಟದಲ್ಲೇ ಅಗೆದಿದ್ದ ದಕ್ಷಿಣ ಭಾಗದಲ್ಲಿ ಹಳೆಯ ಗಣಿಬಾವಿಗಳ ಬಳಿ ನೆಲ ಹಠಾತ್ತನೆ ಕುಸಿಯುವುದುಂಟು. 2000ದ ಜನವರಿಯಲ್ಲಿ ಬೋಖುಮ್‌ನ ವಾಟನ್‌ಶೈಡ್‌ನಲ್ಲಿ ಮನೆಗಳ ನಡುವೆಯೇ ಭಾರಿ ಗುಂಡಿ ಬಿದ್ದಿತ್ತು. ಕೆಲವು ಹಳೆಯ ದಿಬ್ಬಗಳಲ್ಲಿ ಉಳಿದ ಕಲ್ಲಿದ್ದಲು ಒಳಗೊಳಗೇ ಕನಲುವುದರಿಂದ ಅಲ್ಲಿ ಬೇಲಿ ಹಾಕಿ ಎಚ್ಚರಿಕೆಯ ಫಲಕ ನೆಟ್ಟಿರುತ್ತಾರೆ, ಅದನ್ನು ದಾಟಬಾರದು.

ಇಡೀ ಪ್ರದೇಶ ಒಣಗಿ ನಿಂತಿರುವುದು ಪಂಪುಗಳಿಂದ ಎಂಬುದನ್ನೂ ಹೇಳಬೇಕು. ಗಣಿಗಾರಿಕೆಯಿಂದ ನೆಲ ಕೆಲವೆಡೆ 20 ಮೀಟರಿಗೂ ಹೆಚ್ಚು ತಗ್ಗಿದೆ. ನೀರೆತ್ತುವುದನ್ನು ನಿಲ್ಲಿಸಿದರೆ ಜನವಸತಿಯಿರುವ ಎಷ್ಟೋ ಕಡೆ ಕೆರೆಗಳಾಗುತ್ತವೆ. ಆದ್ದರಿಂದ ಈ ಕೆಲಸಕ್ಕೆ ಕೊನೆಯೇ ಇಲ್ಲ. ಅದರ ಖರ್ಚಿಗೆಂದೇ 2007ರಲ್ಲಿ ಒಂದು ಪ್ರತಿಷ್ಠಾನವನ್ನು ಸ್ಥಾಪಿಸಲಾಯಿತು. ಎಮ್ಷರ್ ನದಿಯ ಕಥೆಯೂ ಇದಕ್ಕೆ ಸೇರಿದ್ದು. ನೆಲ ಕುಸಿದು ಕೊಳವೆಗಳು ಒಡೆಯುವ ಭಯದಿಂದ ಕೊಳಚೆಯನ್ನೆಲ್ಲ ಆ ನದಿಯಲ್ಲೇ ತೆರೆದು ಹರಿಸುತ್ತಿದ್ದರು. ಗಣಿಗಾರಿಕೆ ಉತ್ತರಕ್ಕೆ ಸರಿದ ಮೇಲೆ, 1992ರಿಂದ 2021ರವರೆಗೆ ದುಡಿದು ಕೊಳಚೆಯನ್ನು ನೆಲದಡಿಯ ಕಾಲುವೆಗೆ ತಿರುಗಿಸಿದರು. ಈಗ ಅದರ ದಂಡೆಯಲ್ಲಿ ಜನ ನಡೆಯುತ್ತಾರೆ, ಸೈಕಲ್ ತುಳಿಯುತ್ತಾರೆ.

ಪ್ರಶ್ನೆ: ನಮ್ಮ ಕೆಜಿಎಫ್‌ನ ಸೈನೈಡ್ ದಿಬ್ಬಗಳನ್ನೂ ಹೀಗೆ ನಡಿಗೆಯ ತಾಣವಾಗಿಸಲು ಸಾಧ್ಯವೇ?
(ಓದುಗರೊಬ್ಬರು, ರಾಬರ್ಟ್‌ಸನ್‌ಪೇಟೆ)

ಉತ್ತರ: ಈಗಿರುವಂತೆಯೇ ಆಗದು. ರೂರ್‌ನ ದಿಬ್ಬಗಳಲ್ಲಿರುವುದು ಬಹುಪಾಲು ಕಲ್ಲಿನ ತುಂಡುಗಳು. ಅವುಗಳ ಮೇಲೆ ಗಿಡ ಬೇರೂರುತ್ತದೆ. ನಿಮ್ಮೂರಿನ ದಿಬ್ಬಗಳಲ್ಲಿರುವುದು ಚಿನ್ನ ತೆಗೆಯಲು ನುಣ್ಣಗೆ ಅರೆದು ಸೈನೈಡ್ ದ್ರಾವಣದಲ್ಲಿ ಸಂಸ್ಕರಿಸಿದ ಅದಿರಿನ ಹುಡಿ. ಗಾಳಿಗಾಲದಲ್ಲಿ ಅದು ಮನೆಗಳವರೆಗೂ ಹಾರುತ್ತದೆ, ಮಳೆಗಾಲದಲ್ಲಿ ಕೊರೆದು ಹೊಲಗಳಿಗೆ ಇಳಿಯುತ್ತದೆ. ಮೊದಲು ಅದರ ಮೇಲೆ ಮಣ್ಣಿನ ಹೊದಿಕೆ ಹಾಕಿ ಹಸಿರು ಹಿಡಿಸಬೇಕು, ಮಳೆನೀರಿಗೆ ಕಾಲುವೆ ಕಟ್ಟಬೇಕು, ದಾರಿಯ ಮಾತು ಆಮೇಲೆ. ಜರ್ಮನಿಯಲ್ಲಿ ಗಣಿ ಮುಚ್ಚುವ ಸಂಸ್ಥೆ ಅಂತಿಮ ಯೋಜನೆಯೊಂದನ್ನು ಸಲ್ಲಿಸಿ, ಅದರಂತೆ ನೆಲವನ್ನು ಸುಸ್ಥಿತಿಗೆ ತಂದ ಮೇಲಷ್ಟೇ ಹೊಣೆಯಿಂದ ಬಿಡುಗಡೆ ಪಡೆಯುತ್ತದೆ. ಬಳಿಕ ಹಲವು ದಿಬ್ಬಗಳನ್ನು ಅಲ್ಲಿನ ನಗರಗಳ ಪ್ರಾದೇಶಿಕ ಒಕ್ಕೂಟ ತನ್ನ ಸ್ವಾಧೀನಕ್ಕೆ ಪಡೆದು ನಿರ್ವಹಿಸುತ್ತದೆ. ಕೆಜಿಎಫ್‌ನ ಗಣಿ ನಿಂತದ್ದು 2001ರಲ್ಲಿ. ದಿಬ್ಬಗಳ ದೂಳಿಗೆ ಹೊಣೆ ಯಾರು, ಹೊದಿಕೆಯ ಖರ್ಚು ಯಾರದು ಎಂಬ ಪ್ರಶ್ನೆಗಳನ್ನೇ ನಿಮ್ಮೂರಿನವರು ಮೊದಲು ಎತ್ತಬೇಕು. ಅಲ್ಲಿಯವರೆಗೆ ಗಾಳಿ ಬೀಸುವ ದಿನಗಳಲ್ಲಿ ಮಕ್ಕಳನ್ನು ಆ ದಿಬ್ಬಗಳ ಮೇಲೆ ಆಡಲು ಬಿಡಬೇಡಿ.