ದೇಶಕ್ಕಾಗಿ ಆಡುವ ಆ ಒಂದು ವಾರ

ಹಾಸನದ ಓದುಗರೊಬ್ಬರು, ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕರು, ನಮಗೊಂದು ಉದ್ದನೆಯ ಪತ್ರ ಬರೆದಿದ್ದಾರೆ. ಕೊಡಗಿನ ಟೆನಿಸ್ ಆಟಗಾರ ರೋಹನ್ ಬೋಪಣ್ಣ ನಿವೃತ್ತರಾದಾಗ ನಾವು ಪ್ರಕಟಿಸಿದ ಲೇಖನ ಅವರಿಗೆ ಹಿಡಿಸಿಲ್ಲ. ಅದರಲ್ಲಿ ಬೋಪಣ್ಣ ಗೆದ್ದ ಎರಡು ಏಷ್ಯನ್ ಗೇಮ್ಸ್ ಚಿನ್ನಗಳಿಗೆ ಗ್ರ್ಯಾಂಡ್‌ಸ್ಲಾಮ್‌ನಷ್ಟೇ ಜಾಗ ಕೊಟ್ಟಿದ್ದೆವು. ಮೇಷ್ಟ್ರ ತಕರಾರು ಹೀಗಿದೆ: ‘ಕಬಡ್ಡಿಯವರು, ಓಟಗಾರರು ನಾಲ್ಕು ವರ್ಷ ಬೆವರು ಸುರಿಸಿ ಏಷ್ಯಾಡ್‌ಗೆ ಹೋಗುತ್ತಾರೆ. ಈ ಟೆನಿಸ್‌ನವರು ಮನಸ್ಸು ಬಂದರೆ ಬರುತ್ತಾರೆ, ಇಲ್ಲದಿದ್ದರೆ ದುಡ್ಡಿನ ಟೂರ್ನಿಗೆ ಓಡುತ್ತಾರೆ. ಘಟಾನುಘಟಿಗಳು ಬಾರದ ಕಡೆ ಗೆದ್ದ ಪದಕಕ್ಕೆ ಏನು ಬೆಲೆ? ಇಂಥ ಆಟವನ್ನು ಕ್ರೀಡಾಕೂಟದಿಂದಲೇ ಕೈಬಿಡಬಾರದೇಕೆ?’ ಕೊನೆಯಲ್ಲಿ ‘ವಿ.ಸೂ.’ ಎಂದು ಇನ್ನೊಂದು ಪ್ರಶ್ನೆಯನ್ನೂ ಸೇರಿಸಿದ್ದಾರೆ: ಸೆಮಿಫೈನಲ್‌ನಲ್ಲಿ ಸೋತ ಇಬ್ಬರಿಗೂ ಕಂಚು ಕೊಡುವುದು ಯಾವ ನ್ಯಾಯ?

ಪ್ರಿಯ ಮೇಷ್ಟ್ರೇ,

ನಿಮ್ಮ ಸಿಟ್ಟಿನಲ್ಲಿ ಅರ್ಧ ಪಾಲು ನ್ಯಾಯವಿದೆ. ಆದರೆ ಅದು ಹೋಗಿ ಬಿದ್ದಿರುವುದು ಆಟಗಾರರ ಮೇಲೆ. ಅದಕ್ಕೇ ಈ ಉತ್ತರ ಸ್ವಲ್ಪ ಉದ್ದವಾಗಬಹುದು.

ಮೊದಲು ದುಡ್ಡಿನ ಮಾತನ್ನೇ ಮುಗಿಸಿಬಿಡೋಣ. ಟೆನಿಸ್ ಆಟಗಾರನಿಗೆ ಸಂಬಳ ಕೊಡುವ ತಂಡ ಎಂಬುದಿಲ್ಲ. ಕೋಚ್‌ಗೆ, ಫಿಸಿಯೋಗೆ, ವಿಮಾನಕ್ಕೆ, ಹೋಟೆಲಿಗೆ ಎಲ್ಲದಕ್ಕೂ ಅವನದೇ ಜೇಬು. ಗೆದ್ದ ರ‍್ಯಾಂಕಿಂಗ್ ಅಂಕಗಳಿಗೆ 52 ವಾರದ ಆಯುಷ್ಯ. ಹೋದ ವರ್ಷ ಇದೇ ವಾರ ಗಳಿಸಿದ್ದು ಈ ವರ್ಷ ಕಳಚಿ ಬೀಳುತ್ತದೆ, ಆಡಿ ಮತ್ತೆ ತುಂಬಿಕೊಳ್ಳಬೇಕು. ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದರೂ ಸಿಗುವ ಅಂಕ ಸೊನ್ನೆ, ಬಹುಮಾನದ ಹಣವೂ ಸೊನ್ನೆ. ಚಿನ್ನಕ್ಕೆ ಕೇಂದ್ರ ಸರ್ಕಾರ 30 ಲಕ್ಷ ರೂಪಾಯಿ ಕೊಡುತ್ತದೆ, ನಿಜ. ಆದರೆ ಅದು ಗೆದ್ದವರಿಗೆ ಮಾತ್ರ, ಆಮೇಲೆ.

ಈಗ ರ‍್ಯಾಂಕಿಂಗ್‌ನಲ್ಲಿ ನೂರರ ಆಸುಪಾಸು ಇರುವ ಸಿಂಗಲ್ಸ್ ಆಟಗಾರನನ್ನು ಕಣ್ಮುಂದೆ ತಂದುಕೊಳ್ಳಿ. ಗ್ರ್ಯಾಂಡ್‌ಸ್ಲಾಮ್ ಮುಖ್ಯ ಸುತ್ತಿನ 128 ಜಾಗಗಳಲ್ಲಿ ಅರ್ಹತಾ ಸುತ್ತಿನವರಿಗೆ 16, ವೈಲ್ಡ್‌ಕಾರ್ಡ್‌ಗೆ (ಆಯೋಜಕರ ವಿಶೇಷ ಆಹ್ವಾನಕ್ಕೆ) 8 ಹೋದರೆ ರ‍್ಯಾಂಕಿಂಗ್ ಮೇಲೆ ನೇರ ಒಳಬರುವವರು 104. ಈ ಗೆರೆಯೊಳಗಿದ್ದವನು ಮೊದಲ ಸುತ್ತಿನಲ್ಲೇ ಸೋತರೂ 2024ರ ಆಸ್ಟ್ರೇಲಿಯನ್ ಓಪನ್‌ನಲ್ಲಿ 1,20,000 ಆಸ್ಟ್ರೇಲಿಯನ್ ಡಾಲರ್ ಪಡೆಯುತ್ತಿದ್ದ. ಅದೇ ಅವನ ವರ್ಷದ ಖರ್ಚು. ನಾಲ್ಕೈದು ಸ್ಥಾನ ಕೆಳಗೆ ಜಾರಿದನೋ, ಗೆರೆಯ ಆಚೆ. ಒಂದೆರಡು ವಾರ ಟೂರ್ (ವರ್ಷವಿಡೀ ನಡೆಯುವ ವೃತ್ತಿಪರ ಟೂರ್ನಿಗಳ ಸರಣಿ) ಬಿಟ್ಟು ಏಷ್ಯಾಡ್‌ಗೆ ಬಾ ಎಂದರೆ ಅವನು ಲೆಕ್ಕ ಹಾಕುವುದರಲ್ಲಿ ತಪ್ಪೇನಿದೆ? ನಿಮ್ಮ ಕಬಡ್ಡಿ ಆಟಗಾರರ ಬಗ್ಗೆ ನನಗೂ ಗೌರವವಿದೆ. ಆದರೆ ಅವರಲ್ಲಿ ಅನೇಕರಿಗೆ ರೈಲ್ವೆಯದೋ ಸೇನೆಯದೋ ಸಂಬಳವಿರುತ್ತದೆ, ಕೂಟಕ್ಕೆ ಹೋದರೆ ರಜೆಯೂ ಸಿಗುತ್ತದೆ.

ಡಬಲ್ಸ್‌ನವರ ತಾಪತ್ರಯ ಬೇರೆಯೇ. ವರ್ಷವಿಡೀ ಜೊತೆಗೆ ಆಡುವ ಜೊತೆಗಾರ ಹೆಚ್ಚಾಗಿ ಬೇರೆ ದೇಶದವನು. 2010ರ ನವೆಂಬರ್‌ನಲ್ಲಿ ಗುವಾಂಗ್‌ಝೌ ಏಷ್ಯಾಡ್ ಮತ್ತು ಲಂಡನ್ನಿನ ವರ್ಷಾಂತ್ಯದ ಫೈನಲ್ಸ್ ಒಂದರ ಮೇಲೊಂದು ಬಂದವು. ಲಿಯಾಂಡರ್ ಪೇಸ್‌ಗೆ ಜೊತೆಗಾರ ಲುಕಾಶ್ ಡ್ಲೌಹಿ, ಮಹೇಶ್ ಭೂಪತಿಗೆ ಮ್ಯಾಕ್ಸ್ ಮಿರ್ನಿ. ವಿಶ್ವದ ಎಂಟು ಜೋಡಿಗಳಿಗಷ್ಟೇ ಪ್ರವೇಶವಿರುವ ಟೂರ್ನಿ ಅದು. ಇವರು ಗುವಾಂಗ್‌ಝೌಗೆ ಹೊರಟರೆ ಆ ಜೊತೆಗಾರರೂ ಮನೆಯಲ್ಲೇ ಕೂರಬೇಕು. ಇಬ್ಬರೂ ಲಂಡನ್ನಿಗೆ ಹೋದರು. ಆಗ ಚೀನಾದಲ್ಲಿ ಏನಾಯಿತು? ಸೋಮದೇವ್ ದೇವವರ್ಮನ್ ಸಿಂಗಲ್ಸ್ ಫೈನಲ್‌ನಲ್ಲಿ ಉಜ್ಬೆಕಿಸ್ತಾನದ ಡೆನಿಸ್ ಇಸ್ತೋಮಿನ್ ಅವರನ್ನು 6-1, 6-2ರಿಂದ ಮಣಿಸಿದರು. ಸನಮ್ ಸಿಂಗ್ ಜೊತೆ ಡಬಲ್ಸ್ ಚಿನ್ನವನ್ನೂ ಗೆದ್ದರು. ಹಿರಿಯರು ಬಾರದಿದ್ದುದರಿಂದ ದೇಶಕ್ಕೇನೂ ನಷ್ಟವಾಗಲಿಲ್ಲ.

ಅದೇ ಸೋಮದೇವ್ 2014ರ ಇಂಚಿಯಾನ್ ಕೂಟಕ್ಕೆ ಹೋಗಲಿಲ್ಲ, ಟೂರ್ ಆಡುತ್ತೇನೆ ಎಂದರು. ಪೇಸ್, ಬೋಪಣ್ಣ ಕೂಡ ಹಿಂದೆ ಸರಿದರು. ಮೊದಲು ಬರುವುದಿಲ್ಲ ಎಂದಿದ್ದ ಸಾನಿಯಾ ಮಿರ್ಜಾ ಮನಸ್ಸು ಬದಲಿಸಿ, ಟೋಕಿಯೊದಲ್ಲಿ ಕಾರಾ ಬ್ಲ್ಯಾಕ್ ಜೊತೆ ಪ್ರಶಸ್ತಿ ಗೆದ್ದು ನೇರ ಕೊರಿಯಾಗೆ ಬಂದರು. ಸಾಕೇತ್ ಮೈನೇನಿ ಜೊತೆ ಮಿಶ್ರ ಡಬಲ್ಸ್ ಚಿನ್ನ, ಪ್ರಾರ್ಥನಾ ತೊಂಬರೆ ಜೊತೆ ಕಂಚು. ಬಂದವರನ್ನು ಹೊಗಳೋಣ. ಬಾರದವರನ್ನು ದೇಶದ್ರೋಹಿಗಳ ಸಾಲಿನಲ್ಲಿ ನಿಲ್ಲಿಸುವುದು ಬೇಡ. ನಾಲ್ಕು ವರ್ಷದ ಹಿಂದೆ ಅದೇ ಸೋಮದೇವ್‌ಗೆ ನಾವೆಲ್ಲ ಹಾರ ಹಾಕಿದ್ದೆವಲ್ಲ.

ಇನ್ನು ನಿಮ್ಮ ಎರಡನೇ ಮಾತು, ಘಟಾನುಘಟಿಗಳಿಲ್ಲದ ಕಡೆ ಗೆದ್ದ ಪದಕ ಹಗುರ ಎನ್ನುವುದು. ಇದನ್ನು ಪೂರ್ತಿ ತಳ್ಳಿಹಾಕಲಾರೆ. ಇಂಚಿಯಾನ್‌ನಲ್ಲಿ ಸಿಂಗಲ್ಸ್ ಚಿನ್ನ ಗೆದ್ದದ್ದು ಆಗಷ್ಟೇ ಹತ್ತೊಂಬತ್ತು ತುಂಬಿದ್ದ ಜಪಾನಿನ ಯೋಶಿಹಿಟೊ ನಿಶಿಯೋಕಾ. ಅದೇ ತಿಂಗಳ ಮೊದಲಲ್ಲಿ ಅಮೆರಿಕನ್ ಓಪನ್ ಫೈನಲ್ ಆಡಿದ್ದ ಜಪಾನಿನ ದೊಡ್ಡ ಹೆಸರು ಕೆಯ್ ನಿಶಿಕೋರಿ ಆ ಹೊತ್ತಿಗೆ ಕ್ವಾಲಾಲಂಪುರದಲ್ಲಿ ಆಡುತ್ತಿದ್ದರು. ಅಲ್ಲಿ ಗೆದ್ದು, ಮರುವಾರ ಟೋಕಿಯೊದಲ್ಲೂ ಗೆದ್ದರು. ಹಾಗಾಗಿ ಏಷ್ಯಾಡ್ ಸಿಂಗಲ್ಸ್ ಚಾಂಪಿಯನ್ ಎಂದರೆ ಏಷ್ಯಾದ ಅತ್ಯುತ್ತಮ ಆಟಗಾರ ಎಂದು ಕಣ್ಣು ಮುಚ್ಚಿ ಹೇಳಲಾಗದು.

ಆದರೆ ಪದಕದ ತೂಕ ಎದುರಾಳಿಯ ರ‍್ಯಾಂಕಿಂಗ್‌ನಿಂದಷ್ಟೇ ಬರುವುದಿಲ್ಲ, ಮೇಷ್ಟ್ರೇ. ಆ ಪಂದ್ಯದ ಮೇಲೆ ಯಾರ ಯಾವ ಬದುಕು ನಿಂತಿದೆ ಎನ್ನುವುದನ್ನೂ ನೋಡಬೇಕು. ಕೊರಿಯಾದವರನ್ನು ನೋಡಿ. ದಕ್ಷಿಣ ಕೊರಿಯಾದ ಆರೋಗ್ಯವಂತ ಗಂಡುಮಕ್ಕಳೆಲ್ಲ ಸುಮಾರು ಒಂದೂವರೆ ವರ್ಷ ಸೇನೆಯಲ್ಲಿ ದುಡಿಯಲೇಬೇಕು. ಕ್ರೀಡಾಪಟುವಿಗೆ ಇದರಿಂದ ವಿನಾಯಿತಿ ಸಿಗಲು ದಾರಿ ಎರಡೇ: ಒಲಿಂಪಿಕ್ಸ್‌ನಲ್ಲಿ ಯಾವುದಾದರೂ ಪದಕ, ಇಲ್ಲವೇ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ. ಬೆಳ್ಳಿ ತಂದರೆ ಪ್ರಯೋಜನವಿಲ್ಲ. ಇಪ್ಪತ್ತರ ಹರೆಯದ ಟೆನಿಸ್ ಆಟಗಾರನಿಗೆ ಒಂದೂವರೆ ವರ್ಷ ಟೂರ್‌ನಿಂದ ದೂರ ಉಳಿಯುವುದೆಂದರೆ ರ‍್ಯಾಂಕಿಂಗ್ ಮೊದಲಿನಿಂದ ಕಟ್ಟಬೇಕು ಎಂದೇ ಅರ್ಥ.

2014ರ ಇಂಚಿಯಾನ್ ಡಬಲ್ಸ್ ಫೈನಲ್‌ನಲ್ಲಿ ನಮ್ಮ ಸಾಕೇತ್ ಮೈನೇನಿ–ಸನಮ್ ಸಿಂಗ್ ಎದುರು ನಿಂತದ್ದು ಲಿಮ್ ಯಾಂಗ್‌ಕ್ಯು ಮತ್ತು ಹದಿನೆಂಟರ ಹುಡುಗ ಚುಂಗ್ ಹ್ಯೋನ್. ನಮ್ಮವರು ಎರಡು ಬಿಗಿ ಸೆಟ್‌ಗಳಲ್ಲಿ ಸೋತು ಬೆಳ್ಳಿ ಹಿಡಿದು ಬಂದರು. ಪತ್ರಿಕೆಗಳಲ್ಲಿ ಒಂದು ಕಾಲಂ ಸುದ್ದಿ. ಚುಂಗ್‌ಗೆ ಮಾತ್ರ ಅಂದು ಪದಕದ ಜೊತೆ ವಿನಾಯಿತಿಯೂ ಸಿಕ್ಕಿತು. 2018ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ನೊವಾಕ್ ಜೊಕೊವಿಚ್ ಅವರನ್ನು ಸೋಲಿಸಿ ಸೆಮಿಫೈನಲ್ ತಲುಪಿದ್ದು ಇದೇ ಹುಡುಗ. ಆ ಡಬಲ್ಸ್ ಫೈನಲ್ ಸೋತಿದ್ದರೆ ನಡುವಿನ ವರ್ಷಗಳ ಲೆಕ್ಕವೇ ಬೇರೆಯಾಗುತ್ತಿತ್ತು.

ಒಂಬತ್ತು ವರ್ಷಗಳ ನಂತರ, 2023ರ ಏಷ್ಯಾಡ್ ನಡೆದ ಚೀನಾದ ಹಾಂಗ್‌ಝೌದಲ್ಲಿ ಇದೇ ನಾಣ್ಯದ ಇನ್ನೊಂದು ಮುಖ ಕಂಡಿತು. ಕೊರಿಯಾದ ಕ್ವಾನ್ ಸೂನ್‌ವೂ ಆಗ ವಿಶ್ವದಲ್ಲಿ 112ನೆಯವರು, ಟೂರ್ ಮಟ್ಟದ ಪ್ರಶಸ್ತಿ ಗೆದ್ದವರು. ಸಿಂಗಲ್ಸ್‌ನ ತಮ್ಮ ಮೊದಲ ಪಂದ್ಯದಲ್ಲಿ ಥಾಯ್ಲೆಂಡಿನ ಕಸಿದಿತ್ ಸಮ್ರೇಜ್ ಎದುರಾದರು. ಅವರದು 636ನೇ ರ‍್ಯಾಂಕ್. ಮೂರು ಸೆಟ್ ಆಡಿ ಕ್ವಾನ್ ಸೋತರು. ಸೋತವರು ರ‍್ಯಾಕೆಟ್ಟನ್ನು ನೆಲಕ್ಕೆ ಬಡಿದರು, ಮತ್ತೆ ಬಡಿದರು, ಮುರಿದದ್ದನ್ನು ಕುರ್ಚಿಗೂ ಬಡಿದರು. ಕೈಕುಲುಕಲು ಬಂದ ಎದುರಾಳಿಯ ಕಡೆ ತಿರುಗಿಯೂ ನೋಡಲಿಲ್ಲ. ವಿಡಿಯೊ ಊರೂರು ಸುತ್ತಿತು. ಮರುದಿನ ಥಾಯ್ ಆಟಗಾರನ ಬಳಿ ಹೋಗಿ ಕ್ಷಮೆ ಕೇಳಿದರು, ಕೈಬರಹದಲ್ಲಿ ಕ್ಷಮಾಪಣೆ ಪತ್ರವನ್ನೂ ಹೊರಡಿಸಿದರು. ಅವರು ನಡೆದುಕೊಂಡ ರೀತಿ ತಪ್ಪೇ. ಆದರೆ ಅಂಕವೂ ಇಲ್ಲದ, ಹಣವೂ ಇಲ್ಲದ ‘ಹಗುರ’ ಪಂದ್ಯ ಸೋತದ್ದಕ್ಕೆ ಯಾರೂ ಹಾಗಾಡುವುದಿಲ್ಲ.

ಕ್ವಾನ್‌ಗೆ ಡಬಲ್ಸ್‌ನ ದಾರಿ ಇನ್ನೂ ತೆರೆದಿತ್ತು. ಹೊಂಗ್ ಸಿಯಾಂಗ್‌ಚಾನ್ ಜೊತೆ ಸೆಮಿಫೈನಲ್‌ವರೆಗೆ ಬಂದರು. ಅಲ್ಲಿ ಸಿಕ್ಕಿದ್ದು ನಮ್ಮ ಸಾಕೇತ್ ಮೈನೇನಿ ಮತ್ತು ರಾಮಕುಮಾರ್ ರಾಮನಾಥನ್. ಮೊದಲ ಸೆಟ್ 6-1 ನಮಗೆ, ಎರಡನೆಯದು ಟೈಬ್ರೇಕರ್‌ನಲ್ಲಿ ಅವರಿಗೆ. ಮೂರನೇ ಸೆಟ್ ಬದಲಿಗೆ ಹತ್ತು ಅಂಕಗಳ ಸೂಪರ್ ಟೈಬ್ರೇಕರ್. ಅದರಲ್ಲಿ 10-0. ಹೌದು, ಸೊನ್ನೆ. ಒಂದೂವರೆ ವರ್ಷದ ಸೇನಾ ಸೇವೆ ತಲೆಯ ಮೇಲೆ ತೂಗುತ್ತಿದ್ದ ಜೋಡಿಗೆ ಒಂದೇ ಒಂದು ಪಾಯಿಂಟ್ ಸಿಗಲಿಲ್ಲ. ಕ್ವಾನ್ 2025ರ ಜನವರಿಯಲ್ಲಿ ಸೇನೆಗೆ ಸೇರಿದರು. ಒಂಬತ್ತು ವರ್ಷದ ಹಿಂದೆ ಚುಂಗ್ ಜೋಡಿಗೆ ಸೋತ ಅದೇ ಸಾಕೇತ್ ನೆಟ್‌ನ ಈ ಬದಿಯಲ್ಲಿದ್ದರು ಎನ್ನುವುದನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ. ನಮ್ಮ ಪತ್ರಿಕೆಗಳಿಗೆ ಕ್ರಿಕೆಟ್ ವಿಶ್ವಕಪ್ಪಿನ ಗದ್ದಲ ಆಗಲೇ ಶುರುವಾಗಿತ್ತು.

ಚೀನಾದವರ ಲೆಕ್ಕ ಮತ್ತೊಂದು. ಹಾಂಗ್‌ಝೌದ ಸಿಂಗಲ್ಸ್ ಚಾಂಪಿಯನ್ನರಿಗೆ ಪ್ಯಾರಿಸ್ ಒಲಿಂಪಿಕ್ಸ್ ಟಿಕೆಟ್ ಇಟ್ಟಿದ್ದರು. ಗೆದ್ದವರು ಝಾಂಗ್ ಝಿಝೆನ್ ಮತ್ತು ಝೆಂಗ್ ಕ್ವಿನ್‌ವೆನ್. ಝೆಂಗ್ ಹತ್ತು ತಿಂಗಳ ನಂತರ ಪ್ಯಾರಿಸ್‌ನಲ್ಲಿ ಚಿನ್ನವನ್ನೇ ಗೆದ್ದರು. ಅಮೆರಿಕ ಖಂಡಗಳ ಪ್ಯಾನ್ ಅಮೆರಿಕನ್ ಕೂಟದಲ್ಲೂ ಇದೇ ಏರ್ಪಾಡಿದೆ. 2019ರಲ್ಲಿ ಲಿಮಾದಲ್ಲಿ ಚಿನ್ನ ಗೆದ್ದು ಟೋಕಿಯೊ ಟಿಕೆಟ್ ಪಡೆದ ಅರ್ಜೆಂಟೀನಾದ ನಾಡಿಯಾ ಪೊಡೊರೊಸ್ಕಾ ಮರುವರ್ಷ ಫ್ರೆಂಚ್ ಓಪನ್‌ನಲ್ಲಿ ಅರ್ಹತಾ ಸುತ್ತಿನಿಂದ ಬಂದು ಸೆಮಿಫೈನಲ್ ಆಡಿದರು. ಕಾಮನ್‌ವೆಲ್ತ್ ಕೂಟಕ್ಕೆ ಈ ಭಾಗ್ಯ ಇಲ್ಲ. ಅಲ್ಲಿ ಟೆನಿಸ್ ಇದ್ದದ್ದೇ ಒಂದು ಸಲ, 2010ರ ದೆಹಲಿಯಲ್ಲಿ.

ಈಗ ಬೋಪಣ್ಣ. 2018ರಲ್ಲಿ ಪಾಲೆಂಬಾಂಗ್‌ನಲ್ಲಿ ದಿವಿಜ್ ಶರಣ್ ಜೊತೆ ಆಡಿ, ಕಜಕಸ್ತಾನದ ಅಲೆಕ್ಸಾಂಡರ್ ಬುಬ್ಲಿಕ್–ಡೆನಿಸ್ ಯೆವ್ಸೆಯೆವ್ ಅವರನ್ನು 6-3, 6-4ರಿಂದ ಸೋಲಿಸಿದ್ದು ಮೊದಲ ಚಿನ್ನ. (2025ರ ಪ್ಯಾರಿಸ್ ಮಾಸ್ಟರ್ಸ್‌ನಲ್ಲಿ ಬೋಪಣ್ಣ ಆಡಿದ ಕೊನೆಯ ಪಂದ್ಯಕ್ಕೆ ಜೊತೆಗಾರನಾಗಿ ನಿಂತದ್ದು ಇದೇ ಬುಬ್ಲಿಕ್. ಟೂರ್ ಎನ್ನುವುದು ಸಣ್ಣ ಊರು.) 2023ರ ಸೆಪ್ಟೆಂಬರ್ ನೋಡಿ: ನಲವತ್ಮೂರರ ವಯಸ್ಸಿನಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಅಮೆರಿಕನ್ ಓಪನ್ ಫೈನಲ್, ಅಲ್ಲಿಂದ ಲಖನೌಗೆ ಬಂದು ಮೊರಾಕೊ ವಿರುದ್ಧ ಡೇವಿಸ್ ಕಪ್ (ದೇಶಗಳ ತಂಡ ಟೂರ್ನಿ) ವಿದಾಯ, ಅಲ್ಲಿಂದ ಹಾಂಗ್‌ಝೌ. ಪುರುಷರ ಡಬಲ್ಸ್‌ನಲ್ಲಿ ಯೂಕಿ ಭಾಂಬ್ರಿ ಜೊತೆ ಅಗ್ರ ಶ್ರೇಯಾಂಕ. ಉಜ್ಬೆಕಿಸ್ತಾನದ ಫೋಮಿನ್–ಸುಲ್ತಾನೊವ್ ಜೋಡಿ ಎರಡನೇ ಸುತ್ತಿನಲ್ಲೇ ಮನೆಗೆ ಕಳಿಸಿತು. ಸುಲಭದ ಪದಕ ಎಂದಿರಲ್ಲ, ಇದನ್ನೊಮ್ಮೆ ನೋಡಿ. ಉಳಿದದ್ದು ಮಿಶ್ರ ಡಬಲ್ಸ್ ಮಾತ್ರ, ಜೊತೆಗೆ ಋತುಜಾ ಭೋಸಲೆ. ಚೈನೀಸ್ ತೈಪೆ ವಿರುದ್ಧದ ಫೈನಲ್‌ನಲ್ಲಿ ಮೊದಲ ಸೆಟ್ 2-6 ಸೋತು, ಎರಡನೆಯದನ್ನು 6-3 ಗೆದ್ದು, ಸೂಪರ್ ಟೈಬ್ರೇಕರ್ 10-4. ಗ್ರ್ಯಾಂಡ್‌ಸ್ಲಾಮ್ ಮುಖ್ಯ ಸುತ್ತುಗಳಿಂದ ದೂರ, ಚಿಕ್ಕ ಟೂರ್ನಿಗಳಲ್ಲಿ ವರ್ಷ ಕಳೆಯುವ ಋತುಜಾ ಅಂಥವರಿಗೆ ಈ ಚಿನ್ನ ಎಷ್ಟು ದೊಡ್ಡದು ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಲೇಖನದಲ್ಲಿ ಅದಕ್ಕೆ ಕೊಟ್ಟ ಜಾಗವನ್ನು ಕಡಿಮೆ ಮಾಡಲು ನನಗೆ ಕಾರಣ ಕಾಣುತ್ತಿಲ್ಲ.

ನಿಮ್ಮ ಸಿಟ್ಟು ನಿಜವಾಗಿ ಬೀಳಬೇಕಾದ ಜಾಗ ಒಂದಿದೆ. ಯಾರು ಯಾರ ಜೊತೆ ಆಡಬೇಕು ಎನ್ನುವ ತೀರ್ಮಾನ ನಮ್ಮಲ್ಲಿ ಕೊನೆ ಗಳಿಗೆಯವರೆಗೂ ತೂಗಾಡುತ್ತದೆ. 2018ರಲ್ಲಿ ಕೂಟದ ಹೊಸ್ತಿಲಲ್ಲಿ ಪೇಸ್ ಹಿಂದೆ ಸರಿದರು. ತಮಗೆ ಡಬಲ್ಸ್ ಪರಿಣತ ಜೊತೆಗಾರನನ್ನು ಕೊಟ್ಟಿಲ್ಲ ಎಂಬುದು ಅವರ ಕಾರಣ. ಐದು ಏಷ್ಯಾಡ್ ಚಿನ್ನ ಗೆದ್ದ ಆಟಗಾರ ಅಂಥ ಹೊತ್ತಿನಲ್ಲಿ ಹಾಗೆ ಮಾಡಬಾರದಿತ್ತು ಎಂದು ನನಗನ್ನಿಸುತ್ತದೆ. ಜೋಡಿಯನ್ನು ಆರು ತಿಂಗಳ ಮುಂಚೆಯೇ ಗಟ್ಟಿ ಮಾಡಿದ್ದರೆ ಆ ಪ್ರಮೇಯವೇ ಬರುತ್ತಿರಲಿಲ್ಲ ಎಂದೂ ಅನ್ನಿಸುತ್ತದೆ. 2012ರ ಲಂಡನ್ ಒಲಿಂಪಿಕ್ಸ್ ಹೊತ್ತಿಗೆ ಪೇಸ್ ಜೊತೆ ಆಡಲು ಭೂಪತಿ, ಬೋಪಣ್ಣ ಇಬ್ಬರೂ ಒಪ್ಪದೆ ಎದ್ದ ರಾಡಿ ನಿಮಗೆ ನೆನಪಿರಬೇಕು. ಅದರಿಂದ ಯಾರೂ ಹೆಚ್ಚು ಕಲಿತಂತಿಲ್ಲ. 2026ರ ಸೆಪ್ಟೆಂಬರ್‌ನಲ್ಲಿ ಜಪಾನಿನ ಐಚಿ–ನಗೋಯಾದಲ್ಲಿ ಮುಂದಿನ ಏಷ್ಯಾಡ್. ಅಲ್ಲಿಗೆ ಯಾರು ಹೋಗುತ್ತಾರೆ ಎನ್ನುವುದಕ್ಕಿಂತ ಜೋಡಿಗಳ ಹೆಸರು ಯಾವಾಗ ಹೊರಬೀಳುತ್ತದೆ ಎನ್ನುವುದರ ಮೇಲೆ ಕಣ್ಣಿಡಿ.

ಟೆನಿಸ್ಸನ್ನು ಕೈಬಿಡುವ ಸಲಹೆ ಹೊಸದೇನಲ್ಲ. 1958ರ ಟೋಕಿಯೊದಲ್ಲಿ ಏಷ್ಯಾಡ್‌ಗೆ ಬಂದ ಆಟವನ್ನು 1970ರ ಬ್ಯಾಂಕಾಕ್‌ನಲ್ಲಿ ಕೈಬಿಟ್ಟಿದ್ದರು. 1974ರ ಟೆಹರಾನ್‌ನಲ್ಲಿ ವಾಪಸು ಬಂತು. ಈಗಂತೂ ಮೆತ್ತನೆ ರಬ್ಬರ್ ಚೆಂಡಿನ ಸಾಫ್ಟ್ ಟೆನಿಸ್ ಕೂಡ ಪ್ರತ್ಯೇಕ ಪದಕಗಳೊಂದಿಗೆ ಪಕ್ಕದಲ್ಲೇ ಇದೆ.

ಕೊನೆಗೆ ನಿಮ್ಮ ವಿ.ಸೂ. ಏಷ್ಯಾಡ್ ಟೆನಿಸ್‌ನಲ್ಲಿ ಕಂಚಿಗಾಗಿ ಪಂದ್ಯ ಆಡಿಸುವುದಿಲ್ಲ, ಸೆಮಿಫೈನಲ್ ಸೋತ ಇಬ್ಬರಿಗೂ ಕಂಚು. ಹಾಗಾಗಿಯೇ 1998ರ ಬ್ಯಾಂಕಾಕ್‌ನಲ್ಲಿ ಪುರುಷರ ಸಿಂಗಲ್ಸ್‌ನ ಎರಡೂ ಕಂಚು ನಮ್ಮವರ ಕೊರಳಿಗೆ ಬಿದ್ದವು: ಒಂದು ಮಹೇಶ್ ಭೂಪತಿಗೆ, ಇನ್ನೊಂದು ನಮ್ಮ ಮೈಸೂರಿನ ಪ್ರಹ್ಲಾದ್ ಶ್ರೀನಾಥ್‌ಗೆ. ಒಲಿಂಪಿಕ್ಸ್‌ನಲ್ಲೂ 1988, 1992ರಲ್ಲಿ ಇದೇ ಪದ್ಧತಿ ಇತ್ತು. 1996ರ ಅಟ್ಲಾಂಟಾದಿಂದ ಕಂಚಿಗೆ ಬೇರೆ ಪಂದ್ಯ ಬಂತು, ಅದನ್ನು ಆಡಿ ಗೆದ್ದೇ ಪೇಸ್ ಪದಕ ತಂದರು. ಹಳೆಯ ಪದ್ಧತಿಯೇ ಉಳಿದಿದ್ದರೆ 2004ರ ಅಥೆನ್ಸ್‌ನಲ್ಲಿ ಕಂಚಿನ ಪಂದ್ಯದ ಮೂರನೇ ಸೆಟ್ 14-16ರಲ್ಲಿ ಸೋತ ಪೇಸ್–ಭೂಪತಿಗೂ ಪದಕ ಸಿಗುತ್ತಿತ್ತು. 2016ರ ರಿಯೊದಲ್ಲಿ ಸೆಮಿಫೈನಲ್ ಸೋತು, ಕಂಚಿನ ಪಂದ್ಯದಲ್ಲಿ ಹ್ರಾಡೆಕ್ಕಾ–ಸ್ಟೆಪಾನೆಕ್ ಜೋಡಿಗೂ ಸೋತ ಸಾನಿಯಾ ಮತ್ತು ಬೋಪಣ್ಣನವರಿಗೂ ಸಿಗುತ್ತಿತ್ತು. ನೀವು ಅನ್ಯಾಯ ಎನ್ನುವ ನಿಯಮ ಅಲ್ಲಿದ್ದಿದ್ದರೆ ಕೊಡಗಿನ ಮನೆಯೊಂದರಲ್ಲಿ ಈಗ ಒಲಿಂಪಿಕ್ ಕಂಚು ಇರುತ್ತಿತ್ತು.

ಇತಿ,
ಸಂಪಾದಕ