ಅಂಗನವಾಡಿ ದುಡ್ಡು: ಯಾವುದನ್ನು ಯಾರ ಬಳಿ ಕೇಳಬೇಕು?

ಕಲಬುರಗಿ, ಯಾದಗಿರಿ, ಬೀದರ್ ಜಿಲ್ಲೆಗಳ ಓದುಗರ ಪ್ರಶ್ನೆಗಳಿಗೆ ಈ ಸಲದ ಉತ್ತರ.

ಅಂಗನವಾಡಿಗೆ ಮೊಟ್ಟೆ ಸರಿಯಾಗಿ ಬರ್ತಿಲ್ಲ. ಪಂಚಾಯ್ತಿಗೆ ಹೋಗಿ ಕೇಳಿದರೆ ‘ಅದು ನಮ್ಮದಲ್ಲ’ ಅಂತಾರೆ. ಹಾಗಾದರೆ ಯಾರದ್ದು?
– ಜೇವರ್ಗಿ ತಾಲ್ಲೂಕು

ಮೊಟ್ಟೆಯ ಮಟ್ಟಿಗೆ ಪಂಚಾಯ್ತಿಯವರು ಹೇಳಿದ್ದು ನಿಜ. ಪೂರಕ ಪೌಷ್ಟಿಕ ಆಹಾರದ ಹಣ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು. ಕೇಂದ್ರದ್ದು ಅರ್ಧ, ರಾಜ್ಯದ್ದು ಅರ್ಧ. 2017ರಲ್ಲಿ ನಿಗದಿಯಾದ ದರದಂತೆ ಒಂದು ಮಗುವಿಗೆ ದಿನಕ್ಕೆ 8 ರೂಪಾಯಿ, ತೀವ್ರ ಅಪೌಷ್ಟಿಕತೆ ಇರುವ ಮಗುವಿಗೆ 12, ಗರ್ಭಿಣಿ ಮತ್ತು ಬಾಣಂತಿಗೆ 9.50, ವರ್ಷಕ್ಕೆ 300 ದಿನ. ಜಿಲ್ಲಾ ಪಂಚಾಯ್ತಿಯ ಲಿಂಕ್ ಡಾಕ್ಯುಮೆಂಟ್‌ನಲ್ಲಿ (ಬಜೆಟ್ ಪುಸ್ತಕದಲ್ಲಿ) ಇಲಾಖೆಯ ಲೆಕ್ಕ ಕಾಣುವುದರಿಂದ ಪಂಚಾಯ್ತಿಯೇ ಕೊಡುತ್ತದೆ ಎಂಬ ಭಾವನೆ ಹುಟ್ಟಿದೆ. ಹಣ ಹರಿಯುವ ದಾರಿ ಮಾತ್ರ ಅದು.

ಮೊಟ್ಟೆಯ ದುಡ್ಡು ಅಂಗನವಾಡಿಯ ಬಾಲವಿಕಾಸ ಸಮಿತಿಯ ಜಂಟಿ ಖಾತೆಗೆ ಬರುತ್ತದೆ. ಅಧ್ಯಕ್ಷರು, ಕಾರ್ಯಕರ್ತೆ ಇಬ್ಬರೂ ಸಹಿ ಹಾಕಬೇಕು. ಸರ್ಕಾರ ಕೊಡುವುದು ಗೊತ್ತುಪಡಿಸಿದ ದರ, ಸಂತೆಯಲ್ಲಿ ಚಳಿಗಾಲಕ್ಕೆ ಏರುವುದು ಬೇರೆ ದರ. ಕಂತು ತಡವಾದರಂತೂ ಕಾರ್ಯಕರ್ತೆ ಕೈಯಿಂದ ಹಾಕಬೇಕು, ಇಲ್ಲವೇ ಮೊಟ್ಟೆ ನಿಲ್ಲಿಸಬೇಕು. ಆದ್ದರಿಂದ ಆಕೆಯ ಮೇಲೆ ರೇಗುವ ಮೊದಲು ಸಮಿತಿಯ ಪಾಸ್‌ಬುಕ್ ನೋಡಿ, ಕೊನೆಯ ಜಮೆ ಯಾವಾಗ ಆಗಿದೆ ಎಂದು ತಿಳಿದುಕೊಳ್ಳಿ. ದುಡ್ಡು ಬಂದೂ ಮೊಟ್ಟೆ ಬಂದಿಲ್ಲವೆಂದರೆ ಸಮಿತಿಯನ್ನು ಕೇಳಿ. ದುಡ್ಡೇ ಬಂದಿಲ್ಲವೆಂದರೆ ಮೇಲ್ವಿಚಾರಕಿಗೂ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೂ ಬರಹದಲ್ಲಿ ಕೊಟ್ಟು, ಸ್ವೀಕೃತಿ ಪಡೆಯಿರಿ.

ನಮ್ಮೂರ ಅಂಗನವಾಡಿ ಬಾಡಿಗೆ ಕೋಣೆಯಲ್ಲಿದೆ. ಸ್ವಂತ ಕಟ್ಟಡಕ್ಕೆ ಪಂಚಾಯ್ತಿ ಹಣ ಕೊಡಬಹುದೇ? ಪಕ್ಕದೂರಲ್ಲಿ ಶುರುವಾದದ್ದು ಲಿಂಟಲ್ ಮಟ್ಟಕ್ಕೇ ನಿಂತಿದೆ.
– ಚಿತ್ತಾಪುರ ತಾಲ್ಲೂಕು

ಕೊಡಬಹುದು. ಪಂಚಾಯ್ತಿಯ ಕೈ ನಿಜವಾಗಿ ಉದ್ದವಿರುವುದು ಇಲ್ಲಿಯೇ. ಕೇಂದ್ರದ ಅಂಗನವಾಡಿ, ಪೌಷ್ಟಿಕತೆ ಯೋಜನೆಯಾದ ಪೋಷಣ್ 2.0 ಲೆಕ್ಕದಲ್ಲಿ ಒಂದು ಕಟ್ಟಡಕ್ಕೆ 12 ಲಕ್ಷ: ಉದ್ಯೋಗ ಖಾತ್ರಿಯಿಂದ 8 ಲಕ್ಷ, 15ನೇ ಹಣಕಾಸು ಆಯೋಗದ (2021–26) ಅಥವಾ ಬೇರೆ ಅನಿರ್ಬಂಧಿತ ಅನುದಾನದಿಂದ 2 ಲಕ್ಷ, ಇಲಾಖೆಯಿಂದ 2 ಲಕ್ಷ. ಕಟ್ಟಡ 600 ಚದರ ಅಡಿಗೆ ಕಡಿಮೆ ಇರಬಾರದು. ಅದರಲ್ಲಿ ಅಡುಗೆಕೋಣೆ, ಉಗ್ರಾಣ, ಮಕ್ಕಳ ಅಳತೆಯ ಶೌಚಾಲಯ ಸೇರಿರಬೇಕು.

ಮೊದಲು ಜಾಗ. ದಾನಿಗಳು ಬಾಯಿಮಾತಲ್ಲಿ ಕೊಟ್ಟ ಜಾಗದಲ್ಲಿ ಅಡಿಪಾಯ ತೋಡಬೇಡಿ, ಅವರ ಮಕ್ಕಳ ಕಾಲಕ್ಕೆ ತಕರಾರು ಎದ್ದೇ ಏಳುತ್ತದೆ. ನೋಂದಾಯಿತ ದಾನಪತ್ರ ಬೇಕು. ಆಮೇಲೆ ವಾರ್ಡ್ ಸಭೆ, ಗ್ರಾಮಸಭೆಯಲ್ಲಿ ಕಾಮಗಾರಿಯ ಹೆಸರು ನಡಾವಳಿಗೆ ಸೇರಬೇಕು. ಅಲ್ಲಿ ಸೇರದ್ದು ಕ್ರಿಯಾ ಯೋಜನೆಯಲ್ಲಿ ಬರುವುದಿಲ್ಲ. ಕ್ರಿಯಾ ಯೋಜನೆಯಲ್ಲಿ ಇಲ್ಲದ್ದಕ್ಕೆ ಬಿಲ್ಲೂ ಆಗುವುದಿಲ್ಲ.

ಪಕ್ಕದೂರಿನ ಕಟ್ಟಡ ನಿಂತಿರುವುದಕ್ಕೆ ಬಹುಶಃ ಎರಡು ಕಾರಣ. ಒಂದು, ಉದ್ಯೋಗ ಖಾತ್ರಿಯ ಖರ್ಚಿನಲ್ಲಿ ಕೂಲಿ 60, ಸಾಮಗ್ರಿ 40 ಎಂಬ ಮಿತಿ ಇದೆ. ಕಟ್ಟಡದಲ್ಲಿ ಸಿಮೆಂಟು, ಕಬ್ಬಿಣವೇ ಹೆಚ್ಚು. ಬದು, ಕೃಷಿಹೊಂಡ, ಹೂಳೆತ್ತುವಂಥ ಕೂಲಿ ಹೆಚ್ಚಿರುವ ಕೆಲಸಗಳು ಸಾಕಷ್ಟು ನಡೆಯದಿದ್ದರೆ ಸಾಮಗ್ರಿ ಬಿಲ್ಲಿಗೆ ಜಾಗವೇ ಇರುವುದಿಲ್ಲ. ಜಾಗವಿದ್ದರೂ ಸಾಮಗ್ರಿ ಹಣ ಕೂಲಿಗಿಂತ ತಡವಾಗಿ ಬರುತ್ತದೆ. ಎರಡು, ನಮ್ಮ ಎರೆಮಣ್ಣು. ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುತ್ತದೆ. ಸಾಧಾರಣ ಮಣ್ಣಿಗೆಂದು ಮಾಡಿದ ಅಂದಾಜುಪಟ್ಟಿ ಹಿಡಿದು ಕಟ್ಟಿದರೆ ನಾಲ್ಕು ಮಳೆಗಾಲದೊಳಗೆ ಗೋಡೆ ಸೀಳುತ್ತದೆ. ಎರೆಮಣ್ಣು ತೆಗೆದು ಮರಂ (ಜಲ್ಲಿಮಣ್ಣು) ತುಂಬಿ ಗಟ್ಟಿ ಮಾಡುವ, ಅಡಿಪಾಯ ಆಳಕ್ಕೆ ಒಯ್ಯುವ ಖರ್ಚನ್ನು ಎಂಜಿನಿಯರ್ ಮೊದಲೇ ಸೇರಿಸಬೇಕು. ಅರ್ಧ ತೋಡಿದ ಮೇಲೆ ಗೊತ್ತಾದರೆ ಪರಿಷ್ಕೃತ ಅಂದಾಜು ತಯಾರಾಗುವಷ್ಟರಲ್ಲಿ ಆರ್ಥಿಕ ವರ್ಷವೇ ಮುಗಿಯುತ್ತದೆ. ಕೊರತೆ ಬಿದ್ದ ಹಣಕ್ಕೆ ಶಾಸಕರ ನಿಧಿ ಅಥವಾ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಪ್ರಸ್ತಾವ ಕಳಿಸಬಹುದು.

ಕಟ್ಟಡ ಇದೆ, ನಳ ಇಲ್ಲ, ಶೌಚಾಲಯಕ್ಕೆ ಬೀಗ. ‘ಅನುದಾನ ಇಲ್ಲ’ ಎನ್ನುವುದು ಸರಿಯೇ?
– ಭಾಲ್ಕಿ

ಪೂರ್ತಿ ಸರಿಯಲ್ಲ. 2021–26ರ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾದ ನಿರ್ಬಂಧಿತ ಹಣ. ನಳ, ಶೌಚಾಲಯ ಎರಡೂ ಅದರೊಳಗೆ ಬರುತ್ತವೆ. ಆದರೆ ಆ ಹಣದಲ್ಲಿ ಯಾರಿಗೂ ಸಂಬಳ ಕೊಡುವಂತಿಲ್ಲ. ಶೌಚಾಲಯ ತೊಳೆಯುವವರನ್ನು ಇಡಿ ಎಂದು ಅದೇ ಅರ್ಜಿಯಲ್ಲಿ ಬರೆದರೆ ತಿರುಗಿ ಬರುತ್ತದೆ. ನವೆಂಬರ್ ಆಸುಪಾಸಿನ ಮಕ್ಕಳ ಗ್ರಾಮಸಭೆಯಲ್ಲಿ ಈ ವಿಷಯ ಎತ್ತಿಸಿ, ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ನಡಾವಳಿಯಲ್ಲಿ ಬರೆದುಕೊಳ್ಳಲಿ.

ನಮ್ಮೂರ ಸರ್ಕಾರಿ ಶಾಲೆಯಲ್ಲೇ ಎಲ್‌ಕೆಜಿ ಶುರುವಾಗಿದೆ. ಮಗುವನ್ನು ಅಂಗನವಾಡಿಯಿಂದ ಬಿಡಿಸಬೇಕೇ?
– ಹುಮನಾಬಾದ್

ಹೆಸರು ತೆಗೆಸಬೇಡಿ. 6 ವರ್ಷದವರೆಗೆ ಮಗುವಿನ ತೂಕ, ಎತ್ತರದ ದಾಖಲೆ, ಲಸಿಕೆಯ ನೆನಪೋಲೆ ಎಲ್ಲ ಇರುವುದು ಅಂಗನವಾಡಿಯಲ್ಲಿ. 2024ರಲ್ಲಿ ಈ ಭಾಗದ ಶಾಲೆಗಳಲ್ಲಿ ಎಲ್‌ಕೆಜಿ ತೆರೆಯಲು ಹೊರಟಾಗ ಕಾರ್ಯಕರ್ತೆಯರು ಬೀದಿಗಿಳಿದದ್ದು ಸುಮ್ಮನೆ ಅಲ್ಲ. 3ರಿಂದ 6 ವರ್ಷದವರು ಹೊರಟರೆ ಕೇಂದ್ರವೇ ಬರಿದಾಗುತ್ತದೆ. ಎಸ್‌ಡಿಎಂಸಿಯವರನ್ನು (ಶಾಲಾಭಿವೃದ್ಧಿ ಸಮಿತಿಯವರನ್ನು) ಒಂದು ಮಾತು ಕೇಳಿ: ಎಲ್‌ಕೆಜಿ ಶಿಕ್ಷಕಿಯ ಗೌರವಧನ ಯಾವ ಲೆಕ್ಕದಿಂದ, ಎಷ್ಟು ವರ್ಷಕ್ಕೆ? ಕಲ್ಯಾಣ ಕರ್ನಾಟಕ ಮಂಡಳಿಯ ಹಣವಾದರೆ ಅದು ವರ್ಷದ ಕ್ರಿಯಾ ಯೋಜನೆಗೆ ಕಟ್ಟುಬಿದ್ದದ್ದು.

ನಮ್ಮ ತಾಂಡಾದಾಗ ಸಣ್ಣ ಹುಡುಗ್ರು ಬಾಳ ಅದಾವ್ರಿ, ಅಂಗನವಾಡಿ ಇಲ್ಲ. ಎರಡು ಕಿಲೋಮೀಟರ್ ನಡಿಬೇಕು. ಏನ್ ಮಾಡ್ಬೇಕ್ರಿ?
– ಗುರುಮಠಕಲ್ ತಾಲ್ಲೂಕು

6 ವರ್ಷದೊಳಗಿನ 40 ಮಕ್ಕಳಿದ್ದು ಅಂಗನವಾಡಿ ಇಲ್ಲದ ವಸತಿಯವರು ಬೇಡಿಕೆ ಇಟ್ಟರೆ 3 ತಿಂಗಳೊಳಗೆ ಕೇಂದ್ರ ಕೊಡಬೇಕೆಂದು 2006ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಗು, ತಾಯಿ, ಹುಟ್ಟಿದ ದಿನಾಂಕ, ತಾಯಿ ಕಾರ್ಡ್ ಸಂಖ್ಯೆ ಬರೆದ ಪಟ್ಟಿ ಮಾಡಿ, ಗ್ರಾಮಸಭೆಯ ಠರಾವಿನೊಂದಿಗೆ ಸಿಡಿಪಿಒಗೆ ಕೊಡಿ. ತೊಗರಿ ರಾಶಿ ಮುಗಿದ ಮೇಲೆ ಅರ್ಧ ತಾಂಡಾ ದುಡಿಯಲು ಮುಂಬೈ, ಪುಣೆಗೆ ಹೋಗಿರುತ್ತದೆ. ಆಗ ಎಣಿಸಲು ಬಂದವರಿಗೆ 40 ಸಿಗುವುದಿಲ್ಲ, ಪಟ್ಟಿಯೂ ಪರಿಶೀಲನೆಯೂ ಮಳೆಗಾಲದಲ್ಲೇ ಆಗಲಿ.